ಎರಡು ಊರುಗಳ ನಡುವಿನ ವಿಮಾನದ ದೂರ, ಟೈಮ್ ನೀವೇ ಲೆಕ್ಕ ಹಾಕೋದು ಹೇಗೆ: ಲಂಡನ್–ನ್ಯೂಯಾರ್ಕ್ ಇಟ್ಕೊಂಡು ಪೂರ್ತಿ ವಿವರ

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಫ್ಲೈಟಲ್ಲಿ ಎಷ್ಟು ಹೊತ್ತು ಅಂತ ಒಂದ್ಸಲ ಹುಡುಕಿದಾಗ ನಂಗೆ ಮೂರು ಉತ್ತರ ಸಿಕ್ತು. ಒಂದು ಕಡೆ 6 ಗಂಟೆ 11 ನಿಮಿಷ, ಇನ್ನೊಂದು ಕಡೆ 6 ಗಂಟೆ 41 ನಿಮಿಷ, ಟಿಕೆಟ್ ನೋಡಿದ್ರೆ ಹತ್ತತ್ರ 8 ಗಂಟೆ. ಯಾರೋ ಸುಳ್ಳು ಹೇಳ್ತಿದಾರೆ ಅಂದ್ಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿ ನೋಡಿದ್ರೆ ಮೂರೂ ಸರೀನೇ, ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಅಷ್ಟೇ. ಆ ಲೆಕ್ಕಾನ ಇಲ್ಲಿ ಸ್ಟೆಪ್ ಬೈ ಸ್ಟೆಪ್ ಬರೀತಿದೀನಿ, ಸೈನ್ ಕಾಸ್ ಬಟನ್ ಇರೋ ಒಂದು ಕ್ಯಾಲ್ಕುಲೇಟರ್ ಇದ್ರೆ ಸಾಕು, ಫೋನಲ್ಲಿರೋದನ್ನ ಅಡ್ಡ ತಿರುಗಿಸಿದ್ರೂ ಸಾಮಾನ್ಯವಾಗಿ ಅವು ಬರುತ್ವೆ.

ಸ್ಟೆಪ್ 1: ಯಾವ ಊರು, ಯಾವ ಏರ್‌ಪೋರ್ಟ್

ಇದೇನು ಹೇಳೋ ವಿಷಯಾನಾ ಅನ್ಸುತ್ತೆ, ಆದ್ರೆ ಮೊದಲ ತಪ್ಪು ಆಗೋದೇ ಇಲ್ಲಿ. ಸಿಡ್ನಿ ಅಂತ ಟೈಪ್ ಮಾಡಿದ್ರೆ ಆಸ್ಟ್ರೇಲಿಯಾದ್ದೂ ಇದೆ, ಕೆನಡಾದ ನೋವಾ ಸ್ಕೋಶಿಯಾದಲ್ಲೂ ಒಂದು ಸಿಡ್ನಿ ಇದೆ, ಅಲ್ಲೂ ಏರ್‌ಪೋರ್ಟ್ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಲ್ಲೂ ಅಲಬಾಮಾದಲ್ಲೂ ಇದೆ. ಸ್ಯಾನ್ ಹೋಸೆ ಅಂದ್ರೆ ಕ್ಯಾಲಿಫೋರ್ನಿಯಾನೂ ಆಗಬಹುದು, ಕೋಸ್ಟರಿಕಾದ ರಾಜಧಾನಿನೂ ಆಗಬಹುದು.

ಇನ್ನೊಂದು, ಊರಿನ ನಡುಮಧ್ಯದಿಂದ ಅಳೀತಿದೀರೋ ಏರ್‌ಪೋರ್ಟ್‌ನಿಂದಲೋ ಅಂತ ಮೊದಲೇ ಡಿಸೈಡ್ ಮಾಡಿ. ಲಂಡನ್–ನ್ಯೂಯಾರ್ಕ್ ಊರಿಂದ ಊರಿಗೆ ಸುಮಾರು 5,570 ಕಿ.ಮೀ., ಲಂಡನ್ನಿನ ಹೀಥ್ರೋ ಏರ್‌ಪೋರ್ಟಿಂದ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿಗೆ ಅಳೆದ್ರೆ ಸುಮಾರು 5,540. ಇಷ್ಟು ದೂರದಲ್ಲಿ 30 ಕಿ.ಮೀ. ಏನೂ ಅಲ್ಲ. ಆದ್ರೆ ಟೋಕಿಯೋದ ನರಿತಾ ಏರ್‌ಪೋರ್ಟ್ ಊರಿಂದ 60 ಕಿ.ಮೀ. ಆಚೆ ಇದೆ, ಹನೇಡಾ ಊರಲ್ಲೇ ಇದೆ, ಟೋಕಿಯೋ–ಒಸಾಕಾ ಥರ 400 ಕಿ.ಮೀ. ದಾರಿಯಲ್ಲಿ 60 ಅಂದ್ರೆ ದೊಡ್ಡ ವ್ಯತ್ಯಾಸಾನೇ.

ಸ್ಟೆಪ್ 2: ಅಕ್ಷಾಂಶ, ರೇಖಾಂಶ ತಗೊಳ್ಳಿ

ಕಂಪ್ಯೂಟರಲ್ಲಿ ಗೂಗಲ್ ಮ್ಯಾಪ್ಸ್ ಓಪನ್ ಮಾಡಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಮೇಲ್ಗಡೆ ಎರಡು ನಂಬರ್ ಬರುತ್ತೆ, ಮೊದಲನೇದು ಅಕ್ಷಾಂಶ, ಎರಡನೇದು ರೇಖಾಂಶ. ಲಂಡನ್ 51.51, −0.13. ನ್ಯೂಯಾರ್ಕ್ 40.71, −74.01. ಉತ್ತರ ಪ್ಲಸ್ ದಕ್ಷಿಣ ಮೈನಸ್, ಪೂರ್ವ ಪ್ಲಸ್ ಪಶ್ಚಿಮ ಮೈನಸ್. ಈ ಮೈನಸ್ ಬಗ್ಗೆ ಸ್ವಲ್ಪ ಜೋರಾಗೇ ಹೇಳ್ತೀನಿ ಯಾಕಂದ್ರೆ ನಾನೇ ಎಡವಿದೀನಿ: ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ಲೆಕ್ಕ ಹಾಕ್ತಾ −118.24 ಬದ್ಲು 118.24 ಹಾಕ್ಬಿಟ್ಟೆ, ಉತ್ತರ 2,000 ಕಿ.ಮೀ. ಒಳಗೇ ಬಂತು, ಇಡೀ ಪೆಸಿಫಿಕ್ ಸಾಗರ ಎಲ್ಲಿ ಹೋಯ್ತು ಅಂತ ಹತ್ತು ನಿಮಿಷ ತಲೆ ಕೆರ್ಕೊಂಡೆ. ಆ ನಂಬರ್ ಮ್ಯಾಪಲ್ಲಿ ಹಾಕಿ ನೋಡಿದ್ರೆ ನನ್ನ ಲಾಸ್ ಏಂಜಲೀಸ್ ಪೂರ್ವ ಚೀನಾದಲ್ಲಿ ಕೂತಿತ್ತು. ನಿಜವಾದ ದೂರ ಸುಮಾರು 8,800 ಕಿ.ಮೀ.

ಹಳೇ ಅಟ್ಲಾಸಿಂದ ತಗೊಂಡ್ರೆ 51°30′26″ ಅಂತ ಇರುತ್ತೆ. ಅದನ್ನ 51.30 ಅಂತ ಹೊಡೀಬೇಡಿ. ನಿಮಿಷಾನ 60ರಿಂದ ಭಾಗಿಸಿ, ಸೆಕೆಂಡನ್ನ 3,600ರಿಂದ ಭಾಗಿಸಿ ಕೂಡಿಸ್ಬೇಕು, ಆಗ 51.507 ಆಗುತ್ತೆ. ಸುಮ್ನೆ 51.30 ಹೊಡೆದ್ರೆ ಲಂಡನ್ 23 ಕಿ.ಮೀ. ದಕ್ಷಿಣಕ್ಕೆ ಸರಿದುಹೋಗುತ್ತೆ, ಯಾಕಂದ್ರೆ ಅಕ್ಷಾಂಶದ ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿ.ಮೀ.

ಸ್ಟೆಪ್ 3: ದೂರದ ಲೆಕ್ಕ

ಭೂಮಿ ಚೆಂಡಿನ ಥರ ಇರೋದ್ರಿಂದ ಎರಡು ಜಾಗದ ನಡುವಿನ ಅತಿ ಹತ್ತಿರದ ದಾರಿ ನೇರ ಗೆರೆ ಅಲ್ಲ, ಕಮಾನು. ಇದಕ್ಕೆ ಗ್ರೇಟ್ ಸರ್ಕಲ್ ದೂರ ಅಂತಾರೆ. ಸೂತ್ರ ಇಷ್ಟೇ, ಅ1 ಮತ್ತು ಅ2 ಎರಡು ಊರಿನ ಅಕ್ಷಾಂಶ ಅಂದ್ಕೊಳ್ಳಿ:

ಸೈನ್(ಅ1) × ಸೈನ್(ಅ2) + ಕಾಸ್(ಅ1) × ಕಾಸ್(ಅ2) × ಕಾಸ್(ರೇಖಾಂಶಗಳ ವ್ಯತ್ಯಾಸ)

ಬಂದ ಉತ್ತರಕ್ಕೆ ಕಾಸ್ ಇನ್ವರ್ಸ್ ಒತ್ತಿದ್ರೆ ಡಿಗ್ರಿಯಲ್ಲಿ ಕೋನ ಬರುತ್ತೆ, ಅದನ್ನ 111.2ರಿಂದ ಗುಣಿಸಿದ್ರೆ ಕಿ.ಮೀ. ಮುಗೀತು.

ನಮ್ಮ ಉದಾಹರಣೆಗೆ ಹಾಕೋಣ. ರೇಖಾಂಶದ ವ್ಯತ್ಯಾಸ 74.01 − 0.13 = 73.88. ಸೈನ್ 51.51 ಅಂದ್ರೆ 0.7827, ಸೈನ್ 40.71 ಅಂದ್ರೆ 0.6522, ಗುಣಿಸಿದ್ರೆ 0.5105. ಕಾಸ್ 51.51 ಅಂದ್ರೆ 0.6224, ಕಾಸ್ 40.71 ಅಂದ್ರೆ 0.7580, ಕಾಸ್ 73.88 ಅಂದ್ರೆ 0.2777, ಮೂರನ್ನೂ ಗುಣಿಸಿದ್ರೆ 0.1310. ಎರಡನ್ನೂ ಕೂಡಿಸಿ, 0.6415. ಕಾಸ್ ಇನ್ವರ್ಸ್ ಒತ್ತಿದ್ರೆ 50.1 ಡಿಗ್ರಿ. ಇಂಟು 111.2, ಅಂದ್ರೆ ಸುಮಾರು 5,570 ಕಿ.ಮೀ.

ಉತ್ತರ ಹುಚ್ಚುಚ್ಚಾಗಿ ಬಂದ್ರೆ ಕ್ಯಾಲ್ಕುಲೇಟರ್ ರೇಡಿಯನ್ (ಕೋನ ಅಳೆಯೋ ಇನ್ನೊಂದು ಅಳತೆ) ಮೋಡಲ್ಲಿದೆ ಅಂತ ಅರ್ಥ, ಡಿಗ್ರಿಗೆ ಹಾಕ್ಕೊಳ್ಳಿ. ಸ್ಪ್ರೆಡ್‌ಶೀಟಲ್ಲಿ ಮಾಡೋರಿಗೆ ಉಲ್ಟಾ, ಅಲ್ಲಿ ಸೈನ್ ಕಾಸ್ ಎಲ್ಲಾ ರೇಡಿಯನ್ನೇ ಕೇಳುತ್ವೆ, ಅದಕ್ಕೆ ಮೊದಲು ಡಿಗ್ರಿನ ರೇಡಿಯನ್‌ಗೆ ಬದ್ಲಾಯಿಸಿ, ಕೊನೇಲಿ ಬಂದ ಕೋನಾನ 6,371ರಿಂದ, ಅಂದ್ರೆ ಭೂಮಿಯ ಸರಾಸರಿ ತ್ರಿಜ್ಯದಿಂದ ಗುಣಿಸಿ. ಡೇಟ್ ಲೈನ್, ಅಂದ್ರೆ ಪೆಸಿಫಿಕ್ ಮಧ್ಯೆ ತಾರೀಖು ಬದ್ಲಾಗೋ ಗೆರೆ, ದಾಟೋ ದಾರಿಗೆ, ಅಂದ್ರೆ ಟೋಕಿಯೋ–ಲಾಸ್ ಏಂಜಲೀಸ್ ಥರದ್ದಕ್ಕೆ, ವ್ಯತ್ಯಾಸ 257.93 ಅಂತ ಬರುತ್ತೆ. ಗಾಬರಿ ಬೇಡ, ಅದರ ಕಾಸ್ ಬೆಲೆನೂ 102.07ರ ಕಾಸ್ ಬೆಲೆನೂ ಒಂದೇ, ಸೂತ್ರ ತಾನಾಗೇ ಹತ್ತಿರದ ಕಡೆಯಿಂದ ಅಳೆಯುತ್ತೆ.

ತುಂಬಾ ಹತ್ತಿರದ ಜಾಗಗಳಿಗೆ ಈ ಸೂತ್ರದಲ್ಲಿ ಉತ್ತರ 0.99999 ಅಂತೆಲ್ಲ ಬಂದು ದಶಾಂಶ ಕಳೆದುಹೋಗುತ್ತೆ, ಅದಕ್ಕೇ ಪ್ರೋಗ್ರಾಮ್ ಬರೆಯೋರು ಹೇವರ್‌ಸೈನ್ ಅನ್ನೋ ಇನ್ನೊಂದು ಸೂತ್ರ ಬಳಸ್ತಾರೆ. ಇನ್ನೂ ಕರಾರುವಾಕ್ಕಾಗಿ ಬೇಕಂದ್ರೆ ಭೂಮಿ ಪೂರ್ತಿ ಗುಂಡಗಿಲ್ಲ ಅನ್ನೋದನ್ನೂ ಹಿಡೀಬೇಕು, ಸಮಭಾಜಕದ ಹತ್ರ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357, ಇದನ್ನ ಲೆಕ್ಕಕ್ಕೆ ತಗೊಳ್ಳೋ ಸೂತ್ರ ವಿನ್ಸೆಂಟಿ ಅನ್ನೋರು 1975ರಲ್ಲಿ ಕೊಟ್ರು. ವ್ಯತ್ಯಾಸ ಬರೋದು ಅರ್ಧ ಪರ್ಸೆಂಟ್ ಆಸುಪಾಸು. ಟ್ರಿಪ್ ಪ್ಲಾನ್ ಮಾಡೋರಿಗೆ ಅದು ಬೇಕಿಲ್ಲ.

ಒಂದು ಸಣ್ಣ ಚೆಕ್: ಭೂಮಿ ಸುತ್ತಳತೆ 40,000 ಕಿ.ಮೀ., ಹಾಗಾಗಿ ಯಾವ ಎರಡು ಊರಿನ ದೂರನೂ 20,000ಕ್ಕಿಂತ ಹೆಚ್ಚು ಬರಂಗಿಲ್ಲ. ಬಂದ್ರೆ ಎಲ್ಲೋ ತಪ್ಪಿದೆ.

ಮ್ಯಾಪ್ ನೋಡಿ ಮೋಸ ಹೋಗ್ಬೇಡಿ

ಗೋಡೆ ಮೇಲಿನ ಮ್ಯಾಪಲ್ಲಿ ಸ್ಕೇಲ್ ಇಟ್ಟು ಅಳೆಯೋರು ಇನ್ನೂ ಇದಾರೆ. ಆ ಮ್ಯಾಪ್ ಬಹಳಷ್ಟು ಸಲ 1569ರಲ್ಲಿ ಮರ್ಕೇಟರ್ ಮಾಡಿದ ಕ್ರಮದ್ದು, ಹಡಗಿನವರಿಗೆ ದಿಕ್ಕು ಹಿಡಿಯೋಕೆ ಅನುಕೂಲ, ದೂರಕ್ಕಲ್ಲ, ಧ್ರುವದ ಕಡೆ ಹೋದಷ್ಟೂ ಎಲ್ಲಾ ಹಿಗ್ಗಿರುತ್ತೆ. ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ತಗೊಳ್ಳಿ, ಎರಡೂ ಹೆಚ್ಚುಕಮ್ಮಿ 40.5 ಡಿಗ್ರಿ ಉತ್ತರದಲ್ಲೇ ಇವೆ. ಮ್ಯಾಪಲ್ಲಿ ಅಡ್ಡಡ್ಡ ಸೀದಾ ಹೋದ್ರೆ ಸುಮಾರು 5,940 ಕಿ.ಮೀ., ಉತ್ತರಕ್ಕೆ ಬಾಗಿ ಗ್ರೇಟ್ ಸರ್ಕಲಲ್ಲಿ ಹೋದ್ರೆ ಸುಮಾರು 5,770. ಮ್ಯಾಪಲ್ಲಿ ಸುತ್ತು ಅನ್ಸೋದೇ 170 ಕಿ.ಮೀ. ಕಮ್ಮಿ! ನಂಬಿಕೆ ಬರ್ಲಿಲ್ಲ ಅಂದ್ರೆ ಒಂದು ಗ್ಲೋಬ್ ತಗೊಂಡು ಎರಡು ಊರಿನ ಮಧ್ಯೆ ದಾರ ಬಿಗಿಯಾಗಿ ಎಳೀರಿ, ದಾರ ತಾನಾಗೇ ಮೇಲಕ್ಕೆ ಜಾರುತ್ತೆ. ನ್ಯೂಯಾರ್ಕ್–ಟೋಕಿಯೋ ದಾರ ಅಲಾಸ್ಕಾ ಮೇಲೆ ಹೋಗುತ್ತೆ.

ಕಿ.ಮೀ., ಮೈಲಿ, ನಾಟಿಕಲ್ ಮೈಲಿ ಗೊಂದಲನೂ ಇಲ್ಲೇ ಮುಗಿಸ್ಬಿಡೋಣ. ಸಾಮಾನ್ಯ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852 ಕಿ.ಮೀ. ಪೈಲಟ್‌ಗಳು ಮೈಲಿ ಅಂದ್ರೆ ನಾಟಿಕಲ್ಲೇ, ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ.

ಸ್ಟೆಪ್ 4: ವಿಮಾನ ಆ ಗೆರೆ ಮೇಲೇ ಹೋಗಲ್ಲ

ಮೇಲಿನ 5,570 ಜ್ಯಾಮಿತಿ ಲೆಕ್ಕ. ವಿಮಾನ ಹೊರಟ ಮೇಲೆ ರನ್‌ವೇ ದಿಕ್ಕಿಗೆ ತಕ್ಕಂಗೆ ತಿರುಗ್ಬೇಕು, ಆಕಾಶದಲ್ಲಿ ಗುರುತು ಮಾಡಿರೋ ದಾರಿ ಹಿಡೀಬೇಕು, ಇಳಿಯೋವಾಗ ಸಾಲಲ್ಲಿ ಕಾಯ್ಬೇಕು. ಮಾಮೂಲಿ ದಿನ ದೂರದ ದಾರಿಗೆ ನಾನು 4 ಪರ್ಸೆಂಟ್ ಸೇರಿಸ್ಕೋತೀನಿ, ಹಾಗಾಗಿ 5,570 ಇದ್ದಿದ್ದು 5,800 ಆಯ್ತು ಅಂದ್ಕೊಳ್ಳಿ.

ಆದ್ರೆ ಕೆಲವು ದಾರಿಗೆ 4 ಪರ್ಸೆಂಟ್ ಎಲ್ಲಿಗೂ ಸಾಲಲ್ಲ. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ಬಹಳಷ್ಟು ಏರ್‌ಲೈನ್ಸ್‌ಗೆ ಬಂದ್ ಆದ್ಮೇಲೆ ಹೆಲ್ಸಿಂಕಿ–ಟೋಕಿಯೋ ನೋಡಿ, ಸೈಬೀರಿಯಾ ಮೇಲೆ ಒಂಬತ್ತು ಒಂಬತ್ತೂವರೆ ಗಂಟೇಲಿ ಮುಗೀತಿದ್ದ ಪ್ರಯಾಣ 13 ಗಂಟೆ ಹತ್ರಕ್ಕೆ ಹೋಯ್ತು, ಉತ್ತರ ಧ್ರುವದ ಮೇಲಿಂದಾನೂ ಹಾರಿಸಿದ್ರು. ಊರುಗಳು ಅಲ್ಲೇ ಇವೆ, ಗ್ರೇಟ್ ಸರ್ಕಲ್ ದೂರ ಒಂದು ಮೀಟರೂ ಬದ್ಲಾಗಿಲ್ಲ, ಟೈಮ್ ಮಾತ್ರ ಮೂರು ಗಂಟೆಗಿಂತ ಹೆಚ್ಚು ಬೆಳೀತು. ಟಿಬೆಟ್ ಪ್ರಸ್ಥಭೂಮಿ ಮೇಲೂ ವಿಮಾನಗಳು ಆದಷ್ಟು ಹೋಗಲ್ಲ, ಒಳಗಿನ ಗಾಳಿ ಒತ್ತಡ ಕೈಕೊಟ್ರೆ ತಕ್ಷಣ ಹತ್ತು ಸಾವಿರ ಅಡಿಗೆ ಇಳೀಬೇಕು, ಅಲ್ಲಿ ನೆಲಾನೇ ಅದಕ್ಕಿಂತ ಎತ್ತರ ಇದೆ. ಎರಡೇ ಎಂಜಿನ್ ಇರೋ ವಿಮಾನ, ಒಂದು ಕೆಟ್ರೆ ಇಂತಿಷ್ಟು ನಿಮಿಷದೊಳಗೆ ಇಳಿಯೋಕೆ ಏರ್‌ಪೋರ್ಟ್ ಇರ್ಬೇಕು ಅನ್ನೋ ನಿಯಮನೂ ಇದೆ, ಸಿಡ್ನಿ–ಸ್ಯಾಂಟಿಯಾಗೊ ಥರ ಅಂಟಾರ್ಕ್ಟಿಕಾ ಕಡೆ ಬಾಗೋ ದಾರಿಗಳಲ್ಲಿ ಅದು ಲೆಕ್ಕಕ್ಕೆ ಬರುತ್ತೆ. ಹಾಗಾಗಿ ದಾರಿ ಕೆಳಗೆ ಯಾವ ದೇಶ, ಯಾವ ಬೆಟ್ಟ, ಎಷ್ಟು ಸಮುದ್ರ ಇದೆ ಅಂತ ಒಂದ್ಸಲ ಗ್ಲೋಬಲ್ಲಿ ನೋಡ್ಕೊಳ್ಳಿ.

ಸ್ಟೆಪ್ 5: ಸ್ಪೀಡ್

ದೊಡ್ಡ ವಿಮಾನಗಳು, ಏರ್‌ಬಸ್ ಎ350, ಬೋಯಿಂಗ್ 787 ಥರದವು, ಮ್ಯಾಕ್ 0.85 ಸುಮಾರಲ್ಲಿ ಹಾರುತ್ವೆ. ಎ320, 737 ಮ್ಯಾಕ್ 0.78 ಹತ್ರ. ಮ್ಯಾಕ್ ಅಂದ್ರೆ ಶಬ್ದದ ವೇಗದ ಎಷ್ಟು ಪಾಲು ಅಂತ, ಆದ್ರೆ ಶಬ್ದದ ವೇಗ ತಣ್ಣಗಾದಷ್ಟೂ ಕಮ್ಮಿ ಆಗುತ್ತೆ, ನೆಲದ ಹತ್ರ 15 ಡಿಗ್ರಿಯಲ್ಲಿ ಗಂಟೆಗೆ 1,225 ಕಿ.ಮೀ. ಇರೋದು 35,000 ಅಡಿ ಮೇಲೆ ಮೈನಸ್ 54 ಡಿಗ್ರಿಯಲ್ಲಿ ಸುಮಾರು 1,065 ಅಷ್ಟೇ. ಅಲ್ಲಿಗೆ ದೊಡ್ಡ ವಿಮಾನಕ್ಕೆ 900, ಎ320 ಥರದ್ದಕ್ಕೆ 830 ಹಾಕ್ಕೊಳ್ಳಿ. ಫ್ಯಾನ್ ಇರೋ ಎಟಿಆರ್ 72ಕ್ಕೆ 500.

5,570ನ್ನ 900ರಿಂದ ಭಾಗಿಸಿ ನೋಡಿ. 6.19 ಗಂಟೆ. ಪಾಯಿಂಟ್ 19ನ್ನ 60ರಿಂದ ಗುಣಿಸಿದ್ರೆ 11 ನಿಮಿಷ. ನಂಗೆ ಮೊದ್ಲು ಸಿಕ್ಕ 6 ಗಂಟೆ 11 ನಿಮಿಷ ಇದೇ! ಗಾಳಿ ಇಲ್ಲ, ಏರೋದಿಲ್ಲ, ಇಳಿಯೋದಿಲ್ಲ, ವಿಮಾನ ಹುಟ್ಟಿದಾಗಿಂದ ಆಕಾಶದಲ್ಲೇ 900ರಲ್ಲಿ ಇತ್ತು ಅನ್ನೋ ಲೆಕ್ಕ. 6 ಗಂಟೆ 41 ನಿಮಿಷ ಅಂದೋರು ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿದ್ರು, ಅಷ್ಟೇ ವ್ಯತ್ಯಾಸ.

ಅಂದಹಾಗೆ 6.19 ಗಂಟೇನ 6 ಗಂಟೆ 19 ನಿಮಿಷ ಅಂತ ಓದೋರು ತುಂಬಾ ಜನ, ಹಾಗೆ ಮಾಡ್ಬೇಡಿ.

ಸ್ಟೆಪ್ 6: ಗಾಳಿ, ಇದೇ ಮುಖ್ಯ

ಹೋಗೋಕೆ ಒಂದು ಟೈಮ್ ಬರೋಕೆ ಒಂದು ಟೈಮ್ ಯಾಕೆ ಅಂತ ಕೇಳಿದ್ರೆ ಬಹಳ ಜನ ಭೂಮಿ ತಿರುಗುತ್ತಲ್ಲ ಅದಕ್ಕೆ ಅಂತಾರೆ. ಅಲ್ಲ. ಭೂಮಿ ಪೂರ್ವಕ್ಕೆ ತಿರುಗುತ್ತೆ, ಹಾಗಿದ್ರೆ ಪಶ್ಚಿಮಕ್ಕೆ ಹೋಗೋ ವಿಮಾನಕ್ಕೆ ಊರೇ ಎದುರಿಗೆ ಬಂದು ಬೇಗ ತಲುಪ್ಬೇಕಿತ್ತು, ಆಗೋದು ಉಲ್ಟಾ. ಗಾಳಿನೂ ಭೂಮಿ ಜೊತೇನೇ ತಿರುಗುತ್ತೆ, ಓಡೋ ಬಸ್ಸೊಳಗೆ ಸೊಳ್ಳೆ ಹಾರಾಡಿದಂಗೆ. ನಿಜವಾದ ಕಾರಣ ಜೆಟ್ ಸ್ಟ್ರೀಮ್, 30,000ದಿಂದ 40,000 ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿ ಥರ ಹರಿಯೋ ಗಾಳಿ, ಚಳಿಗಾಲದಲ್ಲಿ ಇನ್ನೂ ಜೋರು. ಆ ಗಾಳಿ ಹುಟ್ಟೋದ್ರಲ್ಲಿ ಭೂಮಿ ತಿರುಗೋದರ ಪಾಲಿದೆ, ಅಷ್ಟರ ಮಟ್ಟಿಗೆ ಆ ಮಾತು ಒಪ್ಕೋಬಹುದು.

ಲೆಕ್ಕ ಸುಲಭ: ಪೂರ್ವಕ್ಕೆ ಹೋಗೋವಾಗ ಸ್ಪೀಡಿಗೆ ಗಾಳಿ ಕೂಡಿಸಿ, ಪಶ್ಚಿಮಕ್ಕೆ ಹೋಗೋವಾಗ ಕಳೀರಿ. ಉತ್ತರ ಅಟ್ಲಾಂಟಿಕ್‌ಗೆ ಇಡೀ ದಾರಿಯ ಸರಾಸರಿ ಅಂತ ನಾನು ಗಂಟೆಗೆ 80 ಕಿ.ಮೀ. ಇಟ್ಕೋತೀನಿ. ನ್ಯೂಯಾರ್ಕ್ ಕಡೆಗೆ 5,800 ÷ 820, ಅಂದ್ರೆ 7 ಗಂಟೆ 4 ನಿಮಿಷ. ಲಂಡನ್ ಕಡೆಗೆ 5,800 ÷ 980, ಅಂದ್ರೆ 5 ಗಂಟೆ 55 ನಿಮಿಷ. ಒಂದು ಗಂಟೆ ಮೇಲೆ ವ್ಯತ್ಯಾಸ.

ಇಲ್ಲೊಂದು ತಮಾಷೆ ಇದೆ. ಗಾಳಿ ಇಲ್ದೆ ಇದ್ದಿದ್ರೆ ಹೋಗಿ ಬರೋಕೆ 12 ಗಂಟೆ 53 ನಿಮಿಷ ಆಗ್ತಿತ್ತು, ಈಗ 12 ಗಂಟೆ 59 ನಿಮಿಷ. ಎದುರು ಬಂದ ಗಾಳಿ ಕಸ್ಕೊಂಡಿದ್ದನ್ನ ಹಿಂದಿಂದ ತಳ್ಳೋ ಗಾಳಿ ಪೂರ್ತಿ ವಾಪಸ್ ಕೊಡಲ್ಲ, ಯಾಕಂದ್ರೆ ನಿಧಾನವಾಗಿ ಹೋಗೋವಾಗ ಆ ಗಾಳೀಲಿ ಇರೋ ಹೊತ್ತೂ ಜಾಸ್ತಿ.

ಉತ್ತರ ದಕ್ಷಿಣವಾಗಿ ಹೋಗೋ ದಾರಿಗೆ ಗಾಳಿ ಕೈಬಿಡಬಹುದು, ಸಮಭಾಜಕದ ಹತ್ತಿರದ ದಾರಿಗಳಿಗೂ ಅಷ್ಟೇ.

ಸ್ಟೆಪ್ 7: ಗೇಟಿಂದ ಗೇಟಿಗೆ

ಟಿಕೆಟಲ್ಲಿ ಇರೋದು ಹಾರೋ ಟೈಮ್ ಅಲ್ಲ, ಬ್ಲಾಕ್ ಟೈಮ್, ಅಂದ್ರೆ ವಿಮಾನ ಗೇಟ್ ಬಿಟ್ಟು ಸರಿಯೋದ್ರಿಂದ ಇನ್ನೊಂದು ಗೇಟಲ್ಲಿ ನಿಲ್ಲೋ ತನಕ. ಏರೋಕೆ ಇಳಿಯೋಕೆ ನಿಧಾನ ಆಗೋದಕ್ಕೆ 20 ನಿಮಿಷ, ಎರಡೂ ಕಡೆ ನೆಲದ ಮೇಲೆ ಉರುಳೋಕೆ 30 ನಿಮಿಷ ಸೇರಿಸಿ. ನ್ಯೂಯಾರ್ಕ್ ಕಡೆಗೆ 7 ಗಂಟೆ 54 ನಿಮಿಷ, ಲಂಡನ್ ಕಡೆಗೆ 6 ಗಂಟೆ 45 ನಿಮಿಷ. ಟಿಕೆಟಲ್ಲಿ ಕಾಣೋದು ಹೆಚ್ಚುಕಮ್ಮಿ 8 ಮತ್ತು 7 ಗಂಟೆ, ಉಳಿದ ನಿಮಿಷಗಳು ಏರ್‌ಲೈನ್ಸ್ ಇಟ್ಕೊಳ್ಳೋ ಸಡಿಲ. ಗೇಟ್ ಬಿಟ್ಟಿದ್ದು 20 ನಿಮಿಷ ಲೇಟು, ತಲುಪಿದ್ದು ಕರೆಕ್ಟ್ ಟೈಮಿಗೆ ಅಂತ ಆಗೋದು ಇದರಿಂದಾನೇ, ಪೈಲಟ್ ಜೋರಾಗಿ ಓಡಿಸಿದ ಅಂತಲ್ಲ.

ದಾರಿ ಚಿಕ್ಕದಾದಷ್ಟೂ ಈ 50 ನಿಮಿಷದ ಭಾರ ಜಾಸ್ತಿ. 400 ಕಿ.ಮೀ. ದಾರೀಲಿ ವಿಮಾನ ಸರಿಯಾಗಿ ಎತ್ತರ ಹಿಡಿಯೋ ಹೊತ್ತಿಗೆ ಇಳಿಯೋಕೆ ಶುರು ಮಾಡುತ್ತೆ, ಹಾಗಾಗಿ ದೂರ ÷ ಸ್ಪೀಡ್ ಅರ್ಧ ಗಂಟೆ ಅಂದ್ರೂ ಬ್ಲಾಕ್ ಟೈಮ್ ಒಂದು ಗಂಟೆ ದಾಟುತ್ತೆ, ಅದರ ಮೇಲೆ ಏರ್‌ಪೋರ್ಟಿಗೆ ಹೋಗಿ ಬರೋದು, ಚೆಕ್ಕಿಂಗ್. ಟೋಕಿಯೋ–ಒಸಾಕಾಗೆ ಎರಡೂವರೆ ಗಂಟೆಯೊಳಗೆ ಊರಿಂದ ಊರಿಗೆ ಬಿಡೋ ಟ್ರೇನ್ ಇರೋವಾಗ ನಾನಂತೂ ಟ್ರೇನೇ ಹತ್ತೋದು. ಈ ಲೆಕ್ಕದ ತುತ್ತತುದಿ ಸ್ಕಾಟ್ಲೆಂಡಿನ ಆರ್ಕ್‌ನೀ ದ್ವೀಪಗಳಲ್ಲಿದೆ, ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ., ಟೈಮ್‌ಟೇಬಲಲ್ಲಿ ಎರಡು ನಿಮಿಷ, ಗಾಳಿ ಚೆನ್ನಾಗಿದ್ದಾಗ 53 ಸೆಕೆಂಡಲ್ಲೂ ಮುಗಿಸಿದಾರೆ.

ಸ್ಟೆಪ್ 8: ಗಡಿಯಾರ

ಟಿಕೆಟಲ್ಲಿ ಹೊರಡೋ ಟೈಮ್ ಆ ಊರಿಂದು, ತಲುಪೋ ಟೈಮ್ ಈ ಊರಿಂದು. ಲಂಡನ್ 11:00ಕ್ಕೆ ಬಿಟ್ಟು ನ್ಯೂಯಾರ್ಕ್ 14:00ಕ್ಕೆ ಅಂತ ಇದ್ರೆ ಮೂರು ಗಂಟೆ ಪ್ರಯಾಣ ಅಲ್ಲ, ಎರಡನ್ನೂ ಒಂದೇ ಗಡಿಯಾರಕ್ಕೆ ತನ್ನಿ, ನ್ಯೂಯಾರ್ಕ್ ಐದು ಗಂಟೆ ಹಿಂದಿದೆ, ಅಲ್ಲಿ 14:00 ಅಂದ್ರೆ ಲಂಡನಲ್ಲಿ 19:00, ಅಂದ್ರೆ 8 ಗಂಟೆ. ಆದ್ರೆ ಈ ಐದು ಯಾವಾಗ್ಲೂ ಐದಲ್ಲ. ಅಮೆರಿಕದವರು ಗಡಿಯಾರ ಮುಂದೆ ಮಾಡೋದು ಮಾರ್ಚ್ ಎರಡನೇ ಭಾನುವಾರ, ಬ್ರಿಟನ್ನಿನವರು ಮಾರ್ಚ್ ಕೊನೇ ಭಾನುವಾರ, ಆ ನಡುವಿನ ಎರಡು ಮೂರು ವಾರ ವ್ಯತ್ಯಾಸ ನಾಲ್ಕೇ ಗಂಟೆ. ಅಕ್ಟೋಬರ್ ಕೊನೇಲೂ ಒಂದು ವಾರ ಹೀಗೇ.

ಡೇಟ್ ಲೈನ್ ದಾಟಿದ್ರೆ ಇನ್ನೂ ಮಜಾ. ಟೋಕಿಯೋದಿಂದ ರಾತ್ರಿ 9ಕ್ಕೆ ಹೊರಟು ಏಳು ಗಂಟೆ ಹಾರಿ ಹೊನೊಲುಲುಲಿ ಇಳಿದ್ರೆ ಅಲ್ಲಿ ಅದೇ ದಿನ ಬೆಳಿಗ್ಗೆ 9 ಗಂಟೆ, ಹೊರಡೋಕೆ 12 ಗಂಟೆ ಮುಂಚೇನೇ ತಲುಪಿದಂಗೆ. ಎರಡೂ ಟೈಮನ್ನ ಮೊದ್ಲು ಯುಟಿಸಿಗೆ, ಅಂದ್ರೆ ಇಡೀ ಜಗತ್ತಿಗೆ ಒಂದೇ ಇರೋ ಟೈಮಿಗೆ ತಂದು ಕಳೆದ್ರೆ ತಪ್ಪೇ ಆಗಲ್ಲ.

ಸ್ಟೆಪ್ 9: ಡೈರೆಕ್ಟ್ ಇಲ್ಲ ಅಂದ್ರೆ

ಮಧ್ಯೆ ಇಳಿಯೋ ಊರಿನ ತನಕ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು, ಹೀಗೆ ಎರಡು ಹಂತದ ದೂರ ಬೇರೆ ಬೇರೆ ತೆಗೆದು ಕೂಡಿಸಿ, ಗ್ರೇಟ್ ಸರ್ಕಲ್ ದೂರದ ಜೊತೆ ಹೋಲಿಸಿ. ಲಂಡನ್–ಸಿಡ್ನಿ ನೇರವಾಗಿ ಸುಮಾರು 17,000 ಕಿ.ಮೀ. ಸಿಂಗಾಪುರದ ಮೇಲೆ ಹೋದ್ರೆ 10,900 + 6,300, ಅಂದ್ರೆ 17,200, ಸುತ್ತೇ ಇಲ್ಲ ಅನ್ನಿ. ಲಾಸ್ ಏಂಜಲೀಸ್ ಮೇಲೆ ಹೋದ್ರೆ ಸುಮಾರು 20,800, ನಾಲ್ಕು ಗಂಟೆ ಜಾಸ್ತಿ ಆಕಾಶದಲ್ಲೇ ಕಳೀಬೇಕು. ಕಾಯೋ ಟೈಮ್ ಬೇರೆ. ಏರೋದು ಇಳಿಯೋದು ಉರುಳೋದು, ಆ 50 ನಿಮಿಷನ ಪ್ರತಿ ಹಂತಕ್ಕೂ ಹಾಕೋದು ಮರೀಬೇಡಿ.

ಸ್ಟೆಪ್ 10: ನಿಜವಾಗಿ ಹಾರಿದ್ದನ್ನ ನೋಡಿ

ಲೆಕ್ಕ ಆದ್ಮೇಲೆ ವಿಮಾನಗಳ ಜಾಡು ತೋರ್ಸೋ ವೆಬ್‌ಸೈಟ್‌ಗಳಾದ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ಫ್ಲೈಟ್ ನಂಬರ್ ಹಾಕಿ ಹಿಂದಿನ ಏಳು ದಿನದ ದಾಖಲೆ ತೆಗೀರಿ. ನೆಲ ಬಿಟ್ಟ ಟೈಮ್, ನೆಲ ಮುಟ್ಟಿದ ಟೈಮ್ ಎರಡೂ ಇರುತ್ತೆ, ಅದರಿಂದ ಹಾರಿದ ಹೊತ್ತು ಸಿಗುತ್ತೆ, ಇದಕ್ಕೆ ಉರುಳೋ ಅರ್ಧ ಗಂಟೆ ಸೇರಿಸಿ ನಿಮ್ಮ ಲೆಕ್ಕದ ಪಕ್ಕ ಇಟ್ಟು ನೋಡಿ. 20 ನಿಮಿಷದೊಳಗೆ ಕೂತ್ರೆ ಸರಿ ಇದೆ. ಅದಕ್ಕಿಂತ ಜಾಸ್ತಿ ಇದ್ರೆ ದಾರೀನ ಮ್ಯಾಪಲ್ಲಿ ನೋಡಿ, ಬಹುತೇಕ ಯಾವುದೋ ಆಕಾಶ ತಪ್ಪಿಸಿ ಸುತ್ತಾಕಿರುತ್ತೆ. ಒಂದೇ ದಿನ ನೋಡಿ ನಿರ್ಧಾರ ಮಾಡ್ಬೇಡಿ. 2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನೋ ಬಿರುಗಾಳಿ ಬೀಸ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿಂದ ಲಂಡನ್‌ಗೆ 4 ಗಂಟೆ 56 ನಿಮಿಷಕ್ಕೇ ಬಂದಿಳೀತು, ನೆಲದ ಮೇಲಿನ ಲೆಕ್ಕದಲ್ಲಿ ಅದರ ಸ್ಪೀಡ್ ಗಂಟೆಗೆ 1,300 ಕಿ.ಮೀ. ದಾಟಿತ್ತು. ಅದೊಂದೇ ದಿನದ ದಾಖಲೆ ನೋಡಿದೋರು ಇಳಿದ ಮೇಲಿನ ಟ್ರೇನ್ ಟಿಕೆಟನ್ನ ಅದೇ ಲೆಕ್ಕದಲ್ಲಿ ಬುಕ್ ಮಾಡಿದ್ರೆ, ಮಾಮೂಲಿ ದಿನ ಟ್ರೇನ್ ಹೊರಡೋ ಹೊತ್ತಿಗೆ ಅವರ ವಿಮಾನ ಇನ್ನೂ ಅಟ್ಲಾಂಟಿಕ್ ಮೇಲೇ ಇರುತ್ತೆ.